ಕೆಂಪು ನೂಲು ಕಟ್ಟಿದ ಮಂಚ

ಒಬ್ಬಳೇ ಹೋದ ಮೊದಲ ಭಾನುವಾರ ನನ್ನ ಕೈಗೆ ಕೊಟ್ಟದ್ದು ಒಂದು ನೇಲ್ ಕಟರ್, ಒಂದು ಬೋಗುಣಿ ಬೆಚ್ಚನೆಯ ನೀರು, ಹಳೆಯ ಪಂಚೆ ಹರಿದು ಮಾಡಿದ ನಾಲ್ಕು ಬಟ್ಟೆ ತುಂಡು. ವೃದ್ಧಾಶ್ರಮದಲ್ಲಿ ಸೇವೆ ಎಂದರೆ ಮುದುಕರ ಪಕ್ಕ ಕುಳಿತು ಅವರ ಹಳೆಯ ಕಥೆ ಕೇಳುವುದು ಎಂದುಕೊಂಡಿದ್ದೆ. ಆದರೆ ನನಗೆ ಮಲಯಾಳಂ ಬರುತ್ತಿರಲಿಲ್ಲ. ಮಾತು ಬಾರದವಳಿಗೆ ಯಾವ ಕೆಲಸ ಕೊಡಬಹುದೋ ಅದನ್ನು ಕೊಟ್ಟಿದ್ದರು. ಉಗುರು ತೆಗೆಯಲು ಭಾಷೆ ಬೇಕಾಗಿಲ್ಲ.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಹುಬ್ಬಳ್ಳಿಯಿಂದ ತಿರುವನಂತಪುರಕ್ಕೆ ಬಂದು ಎಂಟು ತಿಂಗಳಾಗಿತ್ತು. ನನಗೆ ಇಪ್ಪತ್ತಾರು ವಯಸ್ಸು. ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಟೆಸ್ಟಿಂಗ್ ಕೆಲಸ, ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಶ್ರೀಕಾರ್ಯಂನಲ್ಲಿ ಇಂಜಿನಿಯರಿಂಗ್ ಕಾಲೇಜಿನ ಹಿಂದಿನ ಓಣಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಮನೆ ಹಿಡಿದಿದ್ದೆ. ಅವರಿಬ್ಬರೂ ಕೊಲ್ಲಂ ಕಡೆಯವರು, ಶನಿವಾರ ಸಂಜೆ ಊರಿಗೆ ಹೋದರೆ ಸೋಮವಾರವೇ ಬರುತ್ತಿದ್ದರು. ನನಗೆ ಹುಬ್ಬಳ್ಳಿಗೆ ಹೋಗಿ ಬರಲು ನಾಲ್ಕು ದಿನ ರಜೆ ಬೇಕು. ಭಾನುವಾರಗಳಲ್ಲಿ ಯಾರ ಜೊತೆಗೂ ಒಂದು ಮಾತಾಡದೆ ಬೆಳಗಿನಿಂದ ಸಂಜೆಯಾಗುತ್ತಿತ್ತು. ಒಂದು ಸಲ ಕಂಪನಿಯವರು ಬಸ್ಸು ಮಾಡಿ ಮೂವತ್ತು ಮಂದಿಯನ್ನು ಆ ವೃದ್ಧಾಶ್ರಮಕ್ಕೆ ಕರೆದೊಯ್ದರು. ಕೇಕ್ ಕತ್ತರಿಸಿದರು, ಫೋಟೊ ತೆಗೆದರು, ಬಂದರು. ಮುಂದಿನ ಭಾನುವಾರ ಅವರಲ್ಲಿ ನಾನೊಬ್ಬಳೇ ಮತ್ತೆ ಹೋದೆ. ಕರುಣೆಯಿಂದ ಹೋದೆ ಎಂದರೆ ಸುಳ್ಳಾದೀತು. ಹೋಗಲು ಬೇರೆ ಜಾಗವಿರಲಿಲ್ಲ.

ಆಶ್ರಮ ನಡೆಸುತ್ತಿದ್ದವರು ನಿವೃತ್ತ ನರ್ಸ್ ಒಬ್ಬರು. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಎತ್ತರದ ಹೆಂಗಸು, ನಗು ಕಡಿಮೆ. ಮೊದಲ ದಿನ ನನ್ನನ್ನು ಮಂಚದಿಂದ ಮಂಚಕ್ಕೆ ನಡೆಸಿಕೊಂಡು ಹೋಗಿ ವೇಗದ ಮಲಯಾಳದಲ್ಲಿ ಏನೇನೋ ಹೇಳಿದರು. ನಾನು ಪೆಚ್ಚಾಗಿ ನಿಂತು ಬಾಯಿತಪ್ಪಿ "ಏನ್ರೀ?" ಎಂದದ್ದನ್ನು ಕೇಳಿ, ಬಾಗಿಲ ಬಳಿ ಮೇಜಿನ ಮುಂದೆ ಅರ್ಜಿ ಬರೆಯುತ್ತಿದ್ದ ಹೆಂಗಸೊಬ್ಬರು ಕನ್ನಡಕ ಮೇಲೇರಿಸಿ ಕೇಳಿದರು.

"ಕನ್ನಡವಾ?"

ಎಂಟು ತಿಂಗಳಲ್ಲಿ ಎದುರು ನಿಂತು ಯಾರೂ ನನ್ನ ಜೊತೆ ಕನ್ನಡ ಮಾತಾಡಿರಲಿಲ್ಲ. "ಹೌದ್ರೀ, ಹುಬ್ಬಳ್ಳಿ" ಎಂದೆ.

ಅವರು ಕಾಸರಗೋಡಿನವರು. ಸರ್ಕಾರದ ಕಾನೂನು ವಿಭಾಗದಲ್ಲಿ ಅಧಿಕಾರಿ. ಭಾನುವಾರ ಬಂದು ಮುದುಕರ ಪಿಂಚಣಿ ಅರ್ಜಿ, ಕಾಗದ ಪತ್ರ ಬರೆದುಕೊಡುತ್ತಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆದೆ. ಅಕ್ಕ ಸಿಸ್ಟರ್ ಹೇಳಿದ್ದನ್ನು ನನಗೆ ಬಿಡಿಸಿ ಹೇಳಿದರು. "ನೋಡು, ಕೆಲವು ಮಂಚದ ಕಾಲಿಗೆ ಕೆಂಪು ನೂಲು ಕಟ್ಟಿ ಉಂಟಲ್ಲ, ಅವರಿಗೆಲ್ಲ ಶುಗರ್. ಅವರ ಕಾಲಿನ ಉಗುರು ನೀನು ಮುಟ್ಲಿಕ್ಕೇ ಇಲ್ಲ. ಅದು ಸಿಸ್ಟರೇ ಮಾಡುವುದು. ಸಣ್ಣ ಗಾಯ ಆದ್ರೂ ಒಣಗುವುದಿಲ್ಲ ಅವರಿಗೆ. ಗೊತ್ತಾಯ್ತಾ?"

ಗೊತ್ತಾಯಿತು. ಇದನ್ನು ಇಲ್ಲಿಯೇ ಬರೆದುಬಿಡಬೇಕು. ಭಾಷೆ ಬಾರದೆ ತಪ್ಪಾಯಿತು ಎಂದು ಹೇಳುವ ದಾರಿ ನನಗಿಲ್ಲ. ನನಗೆ ಕನ್ನಡದಲ್ಲೇ ಹೇಳಿದ್ದರು.

ಕಿಟಕಿಯ ಪಕ್ಕದ ಮಂಚಕ್ಕೆ ಕೆಂಪು ನೂಲಿತ್ತು. ಆ ಮಂಚದವರು ಒಂದು ಕಾಲಕ್ಕೆ ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ಜನರನ್ನು ದಾಟಿಸುವ ಬೋಟಿನ ಸ್ರಾಂಕ್ ಆಗಿದ್ದವರು. ಸ್ರಾಂಕ್ ಎಂದರೆ ಚುಕ್ಕಾಣಿ ಹಿಡಿಯುವವನು. ಆಶ್ರಮದಲ್ಲಿಯೂ ಅದೇ ಅವರ ಹೆಸರು. ಮದುವೆಯಾಗಿರಲಿಲ್ಲ. ಫೋರ್ಟ್ ಕೊಚ್ಚಿಯಲ್ಲಿ ತಂಗಿಯ ಮನೆಯಲ್ಲಿ ಇದ್ದರು. ಆ ಓಣಿಗಳಿಗೆಲ್ಲ ವಿದೇಶಿಯರು ಬರತೊಡಗಿದ ಮೇಲೆ ತಂಗಿ ಮನೆಯ ಕೋಣೆಗಳನ್ನು ಹೋಂಸ್ಟೇ ಮಾಡಿದಳು. ಮೊದಲು ಮಹಡಿಯ ಎರಡು ಕೋಣೆ, ಆಮೇಲೆ ಇವರ ಕೋಣೆ. ಪರಿಚಯದವರ ಮೂಲಕ ಇಲ್ಲಿ ಜಾಗ ಸಿಕ್ಕಿತ್ತು.

ಅವರ ಉಗುರು ನನ್ನ ಕೆಲಸವಲ್ಲದಿದ್ದರೂ ಕೆಲಸ ಮುಗಿದ ಮೇಲೆ ಅವರ ಪಕ್ಕ ಕುಳಿತು ಚಹಾ ಕುಡಿಯುವುದು ರೂಢಿಯಾಯಿತು. ನನಗೆ ಮಲಯಾಳಂ ಕಲಿಸಿದವರಲ್ಲಿ ಅವರೇ ಮೊದಲಿಗರು. ನನ್ನ ಕಿವಿಗೆ ತಾಕುವಂತೆ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಆಡುತ್ತಿದ್ದರು. ಬೋಟಿನಲ್ಲಿ ಗಂಟೆ ಬಾರಿಸಿ ಕೆಳಗೆ ಇಂಜಿನ್ ನೋಡುವ ಡ್ರೈವರನಿಗೆ ಮುಂದೆ, ಹಿಂದೆ, ನಿಲ್ಲಿಸು ಎಂದು ಹೇಳುವ ರೀತಿಯನ್ನು ಮಂಚದ ಕಂಬಿಗೆ ಚಮಚ ಬಡಿದು ತೋರಿಸುತ್ತಿದ್ದರು. ಪಕ್ಕದ ಮಂಚದ ಮುದುಕ ಬೈಯುವವರೆಗೂ ಬಡಿಯುತ್ತಿದ್ದರು. ಈಗ ಅವರ ಮಾತುಗಳು ನನಗೆ ನೆನಪಿರುವುದು ಕನ್ನಡದಲ್ಲೇ. ಹೇಗೆ ಹಾಗಾಯಿತೋ ತಿಳಿಯದು.

ಓಣಂ ಹತ್ತಿರ ಬಂದಾಗ ಒಂದು ಭಾನುವಾರ ಅವರು ಹೊದಿಕೆ ಸರಿಸಿ ಕಾಲು ಚಾಚಿದರು. ಮೂವತ್ತು ವರ್ಷ ಬರಿಗಾಲಲ್ಲಿ ನಿಂತ ಪಾದ. ಅಗಲವಾಗಿ, ಬೆರಳುಗಳು ಬೇರೆ ಬೇರೆಯಾಗಿ ಹರಡಿಕೊಂಡಿದ್ದವು. ಉಗುರು ಬೆಳೆದಿತ್ತು.

"ಮೋಳೇ, ಬರುವ ಭಾನುವಾರ ನನ್ನ ತಂಗಿ ಬರ್ತಾಳೆ. ಇದನ್ನು ತೆಗೆದುಬಿಡು."

"ನಾನು ಮುಟ್ಟಬಾರದು. ಸಿಸ್ಟರ್ ಬೈತಾರೆ."

"ಸಿಸ್ಟರ್‌ಗೆ ಎರಡು ಸಲ ಹೇಳಿದೆ. ನಾಳೆ, ನಾಳೆ ಅಂತಾಳೆ. ಈ ಕಾಲು ನೋಡಿದರೆ ತಂಗಿ ಅಳ್ತಾಳೆ. ಅಳುವವಳು ಅತ್ತು ಹೋಗ್ತಾಳೆ ಅಷ್ಟೆ. ಅಣ್ಣ ಗಟ್ಟಿಯಾಗಿದ್ದಾನೆ, ಯಾರಿಗೂ ತೊಂದರೆ ಕೊಡಲ್ಲ ಅನಿಸಿದರೆ ಹಬ್ಬಕ್ಕೆ ಒಂದು ವಾರ ಕರೆದುಕೊಂಡು ಹೋದಾಳು."

ಮೋಳೆ ಎಂದರೆ ಮಗಳು. ಸಿಸ್ಟರ್ ಆಗ ಅಡುಗೆಮನೆಯಲ್ಲಿದ್ದರು. ಅಕ್ಕ ಆ ದಿನ ಬಂದಿರಲಿಲ್ಲ.

ನಾನು ಕಾಲನ್ನು ನೀರಲ್ಲಿ ನೆನೆಸಿದೆ, ಒರೆಸಿದೆ. ಒಂಬತ್ತು ಬೆರಳು ಮುಗಿದವು. ಬಲಗಾಲಿನ ಹೆಬ್ಬೆರಳಿನ ಉಗುರು ಹಳದಿಯಾಗಿ, ಚಿಪ್ಪಿನಂತೆ ದಪ್ಪಗಾಗಿ ಮಾಂಸದೊಳಕ್ಕೆ ಬಾಗಿತ್ತು. ಕಟರ್ ಕಚ್ಚುತ್ತಿರಲಿಲ್ಲ. ತುದಿಯನ್ನು ಓರೆಯಾಗಿ ಮೂಲೆಗೆ ಸೇರಿಸಿ ಬಲವಾಗಿ ಒತ್ತಿದೆ. ಟಕ್ಕೆಂದಿತು. ಉಗುರಿನ ಜೊತೆ ಅಕ್ಕಿಕಾಳಿನಷ್ಟು ಚರ್ಮ ಬಂತು.

ಅವರು ಕಿಟಕಿಯ ಹೊರಗೆ ನೋಡುತ್ತಲೇ "ಮುಗಿಯಿತಾ?" ಎಂದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ರಕ್ತ ಇಳಿಯುತ್ತಿದೆ, ಆ ಕಾಲಿನ ಯಜಮಾನನಿಗೆ ಅರಿವಿಲ್ಲ. ರಕ್ತಕ್ಕಿಂತ ಅದೇ ನನ್ನನ್ನು ಹೆಚ್ಚು ಹೆದರಿಸಿತು.

"ಗಾಯ ಆಯಿತು" ಎಂದೆ. ಅವರು ಬಾಗಿ, ಪೊರೆ ಬಂದ ಕಣ್ಣು ಕಿರಿದು ಮಾಡಿ ನೋಡಿದರು. "ಸಾರಮಿಲ್ಲ" ಎಂದರು, ಪರವಾಗಿಲ್ಲ ಎಂದು. ಆಮೇಲೆ ದನಿ ತಗ್ಗಿಸಿ, "ಯಾರಿಗೂ ಹೇಳಬೇಡ. ನಿನ್ನನ್ನು ಇನ್ನು ಬರಬೇಡ ಅಂತಾರೆ. ನನ್ನನ್ನು ಹಬ್ಬಕ್ಕೆ ಬಿಡಲ್ಲ" ಎಂದರು.

ಹತ್ತಿ ಒತ್ತಿ ಹಿಡಿದೆ. ರಕ್ತ ನಿಂತಿತು. ಪೆಟ್ಟಿಗೆಯಲ್ಲಿದ್ದ ಅವರ ಬೂದುಬಣ್ಣದ ಸಾಕ್ಸ್ ತೊಡಿಸಿದೆ. ಹೊರಡುವಾಗ ಸಿಸ್ಟರ್ ಬಾಗಿಲಲ್ಲಿ ಕೈ ಒರೆಸುತ್ತ ನಿಂತಿದ್ದರು. "ಫಿನಿಶ್ಡ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಫಿನಿಶ್ಡ್, ಸಿಸ್ಟರ್" ಎಂದೆ.

ಮುಂದಿನ ಭಾನುವಾರ ಆಫೀಸಿನಲ್ಲಿ ಹೊಸ ಪ್ರೋಗ್ರಾಮಿನ ರಿಲೀಸ್ ಇತ್ತು. ಇಡೀ ತಂಡ ಅಲ್ಲೇ. ಒಂದು ಫೋನ್ ಮಾಡಬಹುದಿತ್ತು, ಆಶ್ರಮದ ನಂಬರು ನನ್ನ ಮೊಬೈಲಿನಲ್ಲಿಯೇ ಇತ್ತು. ಮಧ್ಯಾಹ್ನ ಒಮ್ಮೆ ಅದನ್ನು ತೆರೆದು ನೋಡಿ ಮುಚ್ಚಿದೆ. ಕಾಲು ಹೇಗಿದೆ ಎಂದು ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಅದರ ಮುಂದಿನ ಭಾನುವಾರ ಹೋದಾಗ ಸ್ರಾಂಕ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಂಗಿ ಬಂದು ಹೋಗಿದ್ದಳು. ಅವರನ್ನು ಕರೆದುಕೊಂಡು ಹೋಗಿರಲಿಲ್ಲ. ಹಣೆ ಮುಟ್ಟಿದೆ, ಕೆಂಡ. ಕಾಲಲ್ಲಿ ಅದೇ ಸಾಕ್ಸ್. ಹತ್ತಿರ ಬಗ್ಗಿದಾಗ ವಾಸನೆ ಬಂತು. ಸಾಕ್ಸ್ ಎಳೆದೆ, ಬರಲಿಲ್ಲ. ಚರ್ಮಕ್ಕೆ ಅಂಟಿಕೊಂಡಿತ್ತು. ನಾನು ಕೂಗಿದೆನಂತೆ. ಕೂಗಿದ್ದು ನೆನಪಿಲ್ಲ. ಸಿಸ್ಟರ್ ಓಡಿ ಬಂದು ಸಾಕ್ಸನ್ನು ನೀರು ಹಾಕಿ ನೆನೆಸಿ, ಕತ್ತರಿಯಿಂದ ಸೀಳಿ ತೆಗೆದರು. ಹೆಬ್ಬೆರಳು ಕಪ್ಪಾಗಿತ್ತು. ಕಪ್ಪು ಪಾದದ ಮೇಲಕ್ಕೆ ಹಬ್ಬುತ್ತಿತ್ತು.

"ಇದು ಹೇಗಾಯಿತು?" ಸಿಸ್ಟರ್ ಕೇಳಿದರು.

ಸ್ರಾಂಕ್ ಕಣ್ಣು ತೆರೆದು ಅವರನ್ನು ನೋಡಿದರು, ನನ್ನನ್ನಲ್ಲ. "ಬಚ್ಚಲ ಮೆಟ್ಟಿಲಿಗೆ ಬಡಿಯಿತು."

ಅಷ್ಟು ಹೊತ್ತಿಗೆ ನನಗೆ ಆ ಮಾತು ಅರ್ಥವಾಗುವಷ್ಟು ಮಲಯಾಳಂ ಬಂದಿತ್ತು. ಸಿಸ್ಟರ್ ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ಬೋಗುಣಿ ಎತ್ತಿಕೊಂಡು ನೀರು ಚೆಲ್ಲಲು ಹೋದೆ.

ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು. ಐದು ದಿನದ ಮೇಲೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಆಫೀಸು ಮುಗಿಸಿ ಸಂಜೆ ಹೋಗುತ್ತಿದ್ದೆ. ಗಂಜಿಯ ಸ್ಟೀಲಿನ ಡಬ್ಬಿ ಹಿಡಿದು ಸಾಲಾಗಿ ನಿಂತವರ ನಡುವೆ ನಾನೂ. ಪಕ್ಕದ ಹಾಸಿಗೆಯವರು ನನ್ನನ್ನು ಮೊಮ್ಮಗಳೆಂದು ತಿಳಿದಿದ್ದರು. ನಾನು ಅಲ್ಲವೆನ್ನಲಿಲ್ಲ. ಕಾಲು ತೆಗೆದ ಮರುದಿನ ಸ್ರಾಂಕ್‌ಗೆ ಚೆನ್ನಾಗಿ ಎಚ್ಚರವಿತ್ತು. ಹೊದಿಕೆಯ ಕಡೆ ನೋಡಿ ಕೇಳಿದರು.

"ಮೋಳೇ, ಯಾವ ಕಾಲು?"

"ಬಲಗಾಲು."

"ಎರಡೂ ಇದ್ದ ಹಾಗೇ ಇದೆ ನನಗೆ" ಎಂದರು. ಹೊದಿಕೆಯನ್ನು ಮೇಲಕ್ಕೆಳೆದುಕೊಂಡು, "ತಂಗಿಗೆ ಹೇಳಬೇಡ" ಎಂದರು. ಆಶ್ರಮದವರು ತಂಗಿಗೆ ಆಗಲೇ ತಿಳಿಸಿದ್ದರು. ಎರಡು ಸಲ ಬಂದೂ ಹೋಗಿದ್ದಳು, ಅವರು ಜ್ವರದ ಮಂಪರಿನಲ್ಲಿದ್ದಾಗ.

ವಿಷ ರಕ್ತಕ್ಕೇರಿತ್ತು. ಮುಂದಿನ ಗುರುವಾರ ನಾನು ಮೀಟಿಂಗಿನಲ್ಲಿದ್ದಾಗ ಅಕ್ಕನ ಫೋನು ಬಂತು. "ಸ್ರಾಂಕ್ ಹೋದ್ರು ಮಾರಾಯ್ತಿ. ತಂಗಿ ಗಾಡಿ ಮಾಡಿ ಕೊಚ್ಚಿಗೆ ಕರ್ಕೊಂಡು ಹೋಗ್ತಾಳೆ. ನೀನು ಬರ್ತಿಯಾ ಒಮ್ಮೆ ನೋಡ್ಲಿಕ್ಕೆ?" ನಾನು ಹೋಗಲಿಲ್ಲ. ಕೆಲಸವಿದೆ ಎಂದೆ.

ಅಕ್ಕನಿಗೆ ಮೂರು ವಾರದ ಮೇಲೆ ಹೇಳಿದೆ, ಅವರ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ. ಅವರು ಮರಗೆಣಸು ಹೆಚ್ಚುತ್ತಿದ್ದರು. ಕೇಳುತ್ತ ಕೇಳುತ್ತ ಚಾಕು ಕೆಳಗಿಟ್ಟರು.

"ಬೇರೆ ಯಾರಿಗೆ ಹೇಳಿದ್ದಿ?"

"ಯಾರಿಗೂ ಇಲ್ರೀ."

"ಹಾಗಾದ್ರೆ ಹೇಳ್ಬೇಡ. ಎಂತಕ್ಕೆ? ಸತ್ತವರು ಬರ್ತಾರಾ? ಅವರೇ ಮೆಟ್ಟಿಲಿಗೆ ತಾಗಿದ್ದು ಅಂತ ಹೇಳಿ ಆಗಿದೆ. ಕಾಗದದಲ್ಲಿ ಹಾಗೇ ಉಂಟು. ನೀನು ಪರ ಊರಿನ ಹುಡುಗಿ. ಯಾರಾದ್ರೂ ಕೇಸು ಗೀಸು ಅಂತ ಹೊರಟ್ರೆ ಆಶ್ರಮಕ್ಕೂ ಕಷ್ಟ."

"ಹೇಳ್ದೇ ಇರಾಕ ಆಗವಲ್ದು ಅಕ್ಕಾ. ಊಟ ಸೇರವಲ್ದು."

"ಅದು ಸ್ವಲ್ಪ ದಿನ. ಆಮೇಲೆ ಸೇರ್ತದೆ" ಎಂದರು. ನನಗೆ ಒಳ್ಳೆಯದಾಗಲಿ ಎಂದೇ ಹೇಳಿದರು. ಕೊನೆಗೆ ನಾನು ಹಟ ಹಿಡಿದಾಗ ತಂಗಿಯ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟವರೂ ಅವರೇ.

ಒಂದು ಶನಿವಾರ ಬೆಳಗಿನ ರೈಲಿನಲ್ಲಿ ಎರ್ನಾಕುಳಂಗೆ ಹೋಗಿ, ಜೆಟ್ಟಿಯಲ್ಲಿ ಬೋಟು ಹತ್ತಿ ಫೋರ್ಟ್ ಕೊಚ್ಚಿಯಲ್ಲಿ ಇಳಿದೆ. ಹೆಂಗಸರ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ಚುಕ್ಕಾಣಿಯ ಕಡೆ ನೋಡಲಿಲ್ಲ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ಬಿಳಿಯ ಹಾಸುಬಟ್ಟೆಗಳನ್ನು ತಂತಿಗೆ ಹಾಕುತ್ತಿದ್ದಳು. ನನ್ನ ಬ್ಯಾಗು ನೋಡಿ "ರೂಮ್?" ಎಂದಳು. ಸ್ರಾಂಕ್ ಅವರದೇ ಅಗಲ ಹಣೆ, ಅವರದೇ ಗದ್ದ.

ಆಶ್ರಮದಿಂದ ಎಂದೊಡನೆ ಕೈಯ ಕ್ಲಿಪ್ಪುಗಳನ್ನು ಮಡಿಲಿಗೆ ಹಾಕಿಕೊಂಡು ಒಳಗೆ ಕರೆದಳು. ಎರಡು ಮಂಚ, ಸೊಳ್ಳೆಪರದೆ, ಗೋಡೆಯ ಮೇಲೆ ದೋಣಿಯ ಚಿತ್ರ. ಮೂಲೆಯಲ್ಲಿ ಯಾರದೋ ದೊಡ್ಡ ಬೆನ್ನುಚೀಲ. "ಗೆಸ್ಟ್ ಹೊರಗೆ ಹೋಗಿದ್ದಾರೆ. ಇದು ಅಣ್ಣನ ಕೋಣೆ" ಎಂದಳು. ಅತಿಥಿಗಳಿಗಾಗಿ ಕಲಿತ ಇಂಗ್ಲಿಷು ಅವಳದು. ಅದರಲ್ಲಿ ಸ್ವಲ್ಪ, ನನ್ನ ಮುರುಕು ಮಲಯಾಳದಲ್ಲಿ ಸ್ವಲ್ಪ, ಎಲ್ಲ ಹೇಳಿದೆ. ಕೆಂಪು ನೂಲು, ಕಟರ್, ಸಾಕ್ಸ್, "ಫಿನಿಶ್ಡ್" ಎಂದದ್ದು, ಆಶ್ರಮಕ್ಕೆ ಹೋಗದ ಭಾನುವಾರ. ಅವಳು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದಳು.

"ಅವನು ಕಿರುಚಿದನಾ?" ಎಂದಳು.

"ಇಲ್ಲ. ಅವರಿಗೆ ನೋವೇ ಗೊತ್ತಾಗಲಿಲ್ಲ."

ಆಮೇಲೆ ಕಿಟಕಿಗೇ ಹೇಳುವಂತೆ ಹೇಳತೊಡಗಿದಳು. "ಆ ಭಾನುವಾರ ನಾನು ಹೋಗಿದ್ದೆ. ಕೈ ಚಾಚಿ ತೋರಿಸಿದ. ನೋಡು ಎಷ್ಟು ಚೊಕ್ಕಟವಾಗಿ ಇಟ್ಟಿದ್ದಾರೆ ನನ್ನನ್ನು ಅಂದ. ಆ ಸೆಕೆಯಲ್ಲಿ ಸಾಕ್ಸ್ ಯಾಕೆ ಅಂತ ಕೇಳಿದೆ. ಚಳಿ ಅಂದ. ಮೈ ಬಿಸಿ ಇತ್ತು. ಜ್ವರದವನನ್ನು ಕರೆದುಕೊಂಡು ಬಂದರೆ ಹಬ್ಬದಲ್ಲಿ ಯಾರು ನೋಡೋದು, ಮೂರು ಕೋಣೆಯೂ ತುಂಬಿದೆ ಅಂದುಕೊಂಡೆ. ಅಲ್ಲಿ ನರ್ಸ್ ಇದ್ದಾರಲ್ಲ ಅಂದುಕೊಂಡೆ. ವಾಸನೆ ಬರುತ್ತಿತ್ತು. ಆ ಜಾಗದ ವಾಸನೆ ಅಂದುಕೊಂಡು ರೈಲಿಗೆ ಹೊತ್ತಾಯಿತು ಅಂತ ಎದ್ದೆ."

ತಿರುಗಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ.

"ನೀನು ನನ್ನ ಹತ್ತಿರ ಬಂದು ಹೇಳಿದೆ. ನಾನು ಯಾರ ಹತ್ತಿರ ಹೋಗಲಿ?"

ಅವಳು ಮಂಚದ ಮೇಲಿನ ಟವೆಲ್ಲನ್ನು ಎತ್ತಿ, ಮಡಿಚಿ, ಮತ್ತೆ ಅಲ್ಲೇ ಇಟ್ಟಳು. "ಹೋಗು. ಗೆಸ್ಟ್ ಬರುವ ಹೊತ್ತು" ಎಂದಳು. ನೀರು ಬೇಕೇ ಎಂದು ಕೇಳಲಿಲ್ಲ. ಅಂಗಳ ದಾಟುವಾಗ ಹಿಂದಿನಿಂದ ಕರೆದಳು.

"ಆ ಸಿಸ್ಟರ್‌ಗೆ ಹೇಳಿದೆಯಾ?"

"ಇಲ್ಲ."

"ನಾನು ದೂರದಲ್ಲಿದ್ದೇನೆ, ಅದಕ್ಕೆ ನನಗೆ ಮೊದಲು ಹೇಳಿದೆ" ಎಂದು ಒಳಗೆ ಹೋದಳು.

ಮರುದಿನ ಭಾನುವಾರ. ಸಿಸ್ಟರ್ ಔಷಧದ ಕಪಾಟಿನ ಮುಂದೆ ಮಾತ್ರೆಗಳನ್ನು ಪುಟ್ಟ ಡಬ್ಬಿಗಳಿಗೆ ಹಾಕುತ್ತಿದ್ದರು. ನಿಂತು ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಗೊತ್ತು" ಎಂದರು. "ಬಡಿದ ಗಾಯ ಯಾವುದು, ಕತ್ತರಿಸಿದ ಗಾಯ ಯಾವುದು ಅಂತ ನನಗೆ ತಿಳಿಯೋದಿಲ್ಲವಾ? ಒಂಬತ್ತು ಉಗುರು ನೀಟಾಗಿ ತೆಗೆದಿತ್ತು. ನಾನಂತೂ ತೆಗೆದಿರಲಿಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ. ಗಾಯ ಆದ ದಿನವೇ ಹೇಳಿದ್ದರೆ ಔಷಧ ಶುರುಮಾಡುತ್ತಿದ್ದೆ. ಬಹುಶಃ ಬೆರಳೂ ಉಳಿಯುತ್ತಿತ್ತು." ಕಪಾಟು ಮುಚ್ಚಿ ಬೀಗ ಹಾಕಿದರು. "ಎರಡು ವಾರ ಆ ಸಾಕ್ಸ್ ನಾನೂ ಬಿಚ್ಚಿ ನೋಡಲಿಲ್ಲ. ಅದು ನನ್ನ ಲೆಕ್ಕ. ನಿನ್ನದು ನಿನಗೆ."

ಇನ್ನು ಬರಬೇಡ ಎನ್ನುತ್ತಾರೆಂದು ಕಾದೆ. ಅವರು ಹಾಗೆನ್ನಲಿಲ್ಲ. ಇನ್ನು ಯಾರ ಮೈಯನ್ನೂ ಮುಟ್ಟಬಾರದು, ಹಿತ್ತಲಲ್ಲಿ ಬಟ್ಟೆ ಒಗೆಯಬೇಕು ಎಂದರು. ಇನ್ನೊಂದು ಕೆಲಸವೂ ಇತ್ತು. ಐಟಿ ಪಾರ್ಕಿನಿಂದ, ಕಾಲೇಜಿನಿಂದ ಹೊಸಬರು ಸೇವೆಗೆಂದು ಬಂದಾಗಲೆಲ್ಲ ನಾನು ಅವರ ಮುಂದೆ ನಿಂತು ನಾನು ಮಾಡಿದ್ದನ್ನು ಹೇಳಬೇಕು. "ಕೆಂಪು ನೂಲು ಮುಟ್ಟಬೇಡಿ ಅಂತ ನಾನು ನೂರು ಸಲ ಹೇಳಿದೆ. ನನ್ನ ಮಾತು ಯಾರ ಕಿವಿಗೂ ಹೋಗಲ್ಲ. ನಿನ್ನದು ಹೋಗುತ್ತದೆ."

ಮೊದಲ ಸಲ ಹನ್ನೆರಡು ಮಂದಿ ಬಂದಿದ್ದರು. ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಾನು ಕನ್ನಡದಲ್ಲಿ ಹೇಳುವುದು, ಅಕ್ಕ ಅದನ್ನು ಮಲಯಾಳದಲ್ಲಿ ಹೇಳುವುದು ಎಂದಾಯಿತು. ನಾಲ್ಕು ಮಾತಿನ ನಂತರ ಗಾಯದ ವಿಷಯ ಬಂತು. "ಕಟರ್ ಓರೆ ಹಿಡಿದು ಒತ್ತಿದೆ, ಕಾಲನ್ನು ಕತ್ತರಿಸಿದೆ" ಎಂದೆ. ಅಕ್ಕ ಒಂದು ಕ್ಷಣ ನನ್ನನ್ನು ನೋಡಿ, ಬಂದವರ ಕಡೆ ತಿರುಗಿ "ಕಾಲು ಮುರಿಞ್ಞು" ಎಂದರು.

ಮಲಯಾಳದಲ್ಲಿ ಮುರಿಞ್ಞು ಎಂದರೆ ತಾನಾಗಿ ಗಾಯವಾಯಿತು ಎಂದು. ಯಾರೂ ಮಾಡಿದ್ದಲ್ಲ, ಆದದ್ದು. ಮುರಿಚ್ಚು ಎಂದರೆ ಒಬ್ಬರು ಕತ್ತರಿಸಿದರು ಎಂದು. ಅಷ್ಟು ವ್ಯತ್ಯಾಸ ನನಗೆ ಗೊತ್ತಾಗುತ್ತಿತ್ತು.

"ಅಕ್ಕಾ, ಹಂಗಲ್ರೀ" ಎಂದೆ.

"ಸಾಕು, ಅವರಿಗೆ ಅರ್ಥ ಆಯ್ತು" ಎಂದರು ಅಕ್ಕ, ಮೆಲ್ಲಗೆ.

ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ನಾನು ಕುರ್ಚಿಗಳ ಕಡೆ ತಿರುಗಿ "ಞಾನ್ ಮುರಿಚ್ಚು" ಎಂದೆ. ನಾನು ಕತ್ತರಿಸಿದೆ. ಉಚ್ಚಾರ ಸರಿಯಿರಲಿಲ್ಲವೇನೋ, ಹಿಂದಿನ ಸಾಲಿನ ಒಬ್ಬ ನಕ್ಕ, ನಕ್ಕು ಕೂಡಲೇ ಸುಮ್ಮನಾದ. ಮುಂದಿನ ಸಾಲಿನ ಹುಡುಗಿ ಕೇಳಿದಳು, "ಮತ್ತೆ ಅವರಿಗೆ ವಾಸಿಯಾಯಿತಾ?" ಇಲ್ಲ, ತೀರಿಕೊಂಡರು ಎಂದೆ. ಆ ದಿನ ನಾಲ್ಕು ಮಂದಿ ಚಹಾಕ್ಕೆ ಮೊದಲೇ ಎದ್ದು ಹೋದರು. ಅಕ್ಕ ಬಹಳ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ತಿರುವನಂತಪುರದಲ್ಲಿ ಇನ್ನೂ ಒಂದೂವರೆ ವರ್ಷ ಇದ್ದೆ. ಬಟ್ಟೆ ಒಗೆದೆ. ಹೊಸಬರು ಬಂದಾಗಲೆಲ್ಲ ಎದ್ದು ನಿಂತೆ. ಹೇಳಿ ಹೇಳಿ ಹಗುರವಾಗುತ್ತದೆ ಎಂದು ಒಂದಿಬ್ಬರು ಹೇಳಿದ್ದರು. ಆಗಲಿಲ್ಲ. ನನ್ನ ಮಲಯಾಳಂ ಮಾತ್ರ ಸುಧಾರಿಸಿತು.